ಮೆನಿಂಜೈಟಿಸ್ ಬಿ ಲಸಿಕಾ ಶಿಬಿರ: ಚುಚ್ಚುಮದ್ದು ಸರಿಯಾಗಿತ್ತು, ಸೂಚನಾ ಪತ್ರ ಸಾಲದು

ಮಗಳು ಓದುತ್ತಿರುವ ವಸತಿ ಕಾಲೇಜಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಮೆನಿಂಜೈಟಿಸ್ ಇರುವುದು ಖಚಿತವಾಯಿತು. ಎರಡೂ ಪ್ರಕರಣಗಳಲ್ಲಿ ಬಿ ಗುಂಪಿನ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಪತ್ತೆಯಾದ ಮೇಲೆ ಆರೋಗ್ಯ ಇಲಾಖೆಯವರು ಕಾಲೇಜಿನ ಆವರಣದಲ್ಲಿಯೇ ಲಸಿಕಾ ಶಿಬಿರ ತೆರೆದರು. ಆ ಶಿಬಿರ, ಅಲ್ಲಿ ಕೊಟ್ಟ ಲಸಿಕೆ ಮತ್ತು ಮನೆಗಳಿಗೆ ಕಳುಹಿಸಿದ ಸಲಹೆಯನ್ನು ಹತ್ತಿರದಿಂದ ಕಂಡ ತಾಯಿಯಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಶಿಬಿರದ ಕೆಲಸ ಅಚ್ಚುಕಟ್ಟಾಗಿತ್ತು, ಲಸಿಕೆಯನ್ನು ಯಾರೂ ತಪ್ಪಿಸಿಕೊಳ್ಳಬಾರದು, ಆದರೆ ಪೋಷಕರ ಕೈಗೆ ಬಂದ ಸೂಚನಾ ಪತ್ರ ಜೀವ ಉಳಿಸುವ ಮಾತುಗಳನ್ನೇ ಬಿಟ್ಟಿತ್ತು. ಇಂಥ ರೋಗದಲ್ಲಿ ಲಸಿಕೆಯಷ್ಟೇ ತೂಕ ಸಲಹೆಗೂ ಇದೆ ಎಂಬ ಕಾರಣಕ್ಕೆ ಆ ಪತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಮೆನಿಂಜೈಟಿಸ್ ಎಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳ ಉರಿಯೂತ. ಅದು ವೈರಸ್‌ನಿಂದಲೂ ಬರುತ್ತದೆ, ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದಲೂ ಬರುತ್ತದೆ. ಅವುಗಳಲ್ಲಿ ಕಾಲೇಜು, ವಸತಿನಿಲಯ, ಸೇನಾ ಶಿಬಿರಗಳಂಥ ಜಾಗಗಳಲ್ಲಿ ಹರಡಿ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯುವಂಥದ್ದು ಮೆನಿಂಗೊಕಾಕಸ್. ಸರಿಯಾದ ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಬದುಕುಳಿದ ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ಕಿವುಡುತನ, ಮಿದುಳಿಗೆ ಹಾನಿ, ಕೈಕಾಲು ಕಳೆದುಕೊಳ್ಳುವಂಥ ಶಾಶ್ವತ ತೊಂದರೆ ಉಳಿಯುತ್ತದೆ. ಇನ್ನೊಂದು ಕಡೆ ಇದೇ ಬ್ಯಾಕ್ಟೀರಿಯಾ ಹತ್ತು ಜನರಲ್ಲಿ ಸುಮಾರು ಒಬ್ಬರ ಗಂಟಲಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಇದ್ದು ಹೋಗುತ್ತದೆ, ಹದಿಹರೆಯದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಹಾಗಾಗಿ ಸೋಂಕು ಯಾರಿಂದ ಬಂತು ಎಂದು ಹುಡುಕಿ ಒಬ್ಬರನ್ನು ದೂರುವುದರಲ್ಲಿ ಅರ್ಥವಿಲ್ಲ.

ಶಿಬಿರಕ್ಕೂ ಮೊದಲು ಇಲಾಖೆ ಮಾಡಿದ ಕೆಲಸ ಮಾತ್ರೆ ಕೊಟ್ಟದ್ದು. ರೋಗಿಗಳೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು, ಬಹಳ ಹೊತ್ತು ಜೊತೆಯಲ್ಲಿ ಕಳೆದ ಆಪ್ತ ಗೆಳೆಯರು, ಮನೆಯವರು, ಹೀಗೆ ನಿಕಟ ಸಂಪರ್ಕದಲ್ಲಿದ್ದವರನ್ನು ಪಟ್ಟಿ ಮಾಡಿ ಪ್ರತಿಯೊಬ್ಬರಿಗೂ ಸಿಪ್ರೊಫ್ಲಾಕ್ಸಾಸಿನ್‌ನ ಒಂದೇ ಡೋಸನ್ನು ಎದುರಿಗೇ ನುಂಗಿಸಿದರು. ಈ ಆಂಟಿಬಯಾಟಿಕ್ ಗಂಟಲಿನಲ್ಲಿ ಕೂತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ರೋಗ ಪತ್ತೆಯಾದ 24 ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ, ಎರಡು ವಾರ ಕಳೆದ ಮೇಲೆ ಕೊಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಕೆಲವರಿಗೆ ಇದರ ಬದಲು ಎರಡು ದಿನ ರಿಫಾಂಪಿಸಿನ್ ಕೊಡುತ್ತಾರೆ, ಗರ್ಭಿಣಿಯರಿಗೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು ಆರಿಸಿಕೊಳ್ಳುತ್ತಾರೆ. ರೋಗಿಯ ಮನೆಯಲ್ಲೇ ಇರುವವರಿಗೆ ಈ ರೋಗ ತಗಲುವ ಸಾಧ್ಯತೆ ಸಾಮಾನ್ಯ ಜನರಿಗಿಂತ 500ರಿಂದ 800 ಪಟ್ಟು ಹೆಚ್ಚು ಎಂಬ ಲೆಕ್ಕವನ್ನು ನೋಡಿದರೆ ಪಟ್ಟಿ ಮಾಡುವ ಕೆಲಸಕ್ಕೆ ಅಷ್ಟು ಆತುರ ಏಕೆ ಎಂಬುದು ತಿಳಿಯುತ್ತದೆ.

ಮಾತ್ರೆ ತಮ್ಮ ಮಕ್ಕಳಿಗೂ ಬೇಕೆಂದು ಹಲವು ಪೋಷಕರು ಪಟ್ಟು ಹಿಡಿದರು. ಒಂದೇ ತರಗತಿಯಲ್ಲಿ ಕೂರುತ್ತಿದ್ದ ಹುಡುಗನ ತಂದೆಯೊಬ್ಬರು ದನಿ ಏರಿಸಿದಾಗ ಅಲ್ಲಿದ್ದ ವೈದ್ಯಾಧಿಕಾರಿ, "ಸರ್, ಒಂದೇ ಕ್ಲಾಸಿನಲ್ಲಿ ಕೂತಿದ್ದಕ್ಕೆ ಮಾತ್ರೆ ಬೇಕಾಗುವುದಿಲ್ಲ. ಎಲ್ಲರಿಗೂ ಕೊಟ್ಟರೆ ಗಂಟಲಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ, ಉಳಿದದ್ದು ಔಷಧಿಗೆ ಬಗ್ಗದ ಹಾಗಾಗುತ್ತದೆ. ನಿಮ್ಮ ಮಗನಿಗೆ ಲಸಿಕೆ ಖಂಡಿತ ಹಾಕಿಸಿ" ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. ಗಾಬರಿಯಾದ ಜನರ ಮುಂದೆ ಇಲ್ಲ ಎನ್ನುವುದು ಕಷ್ಟ. ಕಾರಣ ಕೊಟ್ಟು ಇಲ್ಲ ಎಂದ ಆ ರೀತಿಯನ್ನು ನಾನು ಈ ಇಡೀ ಸೇವೆಯ ಅತ್ಯುತ್ತಮ ಅಂಶವೆಂದು ಭಾವಿಸುತ್ತೇನೆ.

ಇನ್ನು ಲಸಿಕೆಯ ವಿಚಾರ. ಈ ಶಿಬಿರದಲ್ಲಿ ಕೊಟ್ಟದ್ದು ಬೆಕ್ಸೆರೊ. ಮೆನಿಂಗೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ಗುಂಪುಗಳಿಗೆ ಒಂದು ಲಸಿಕೆ, ಬಿ ಗುಂಪಿಗೆ ಇನ್ನೊಂದು ಲಸಿಕೆ ಇರುವುದು ಹಲವರಿಗೆ ಗೊತ್ತಿಲ್ಲ. ಮೊದಲ ನಾಲ್ಕು ಗುಂಪುಗಳ ಲಸಿಕೆಯನ್ನು ಬ್ಯಾಕ್ಟೀರಿಯಾದ ಹೊರಗವಚದ ಸಕ್ಕರೆಯಿಂದ ತಯಾರಿಸುತ್ತಾರೆ. ಆದರೆ ಬಿ ಗುಂಪಿನ ಹೊರಗವಚದ ಸಕ್ಕರೆ ಮನುಷ್ಯನ ನರಕೋಶಗಳ ಮೇಲಿರುವ ಸಕ್ಕರೆಯನ್ನೇ ಹೋಲುವುದರಿಂದ ನಮ್ಮ ದೇಹ ಅದನ್ನು ಹೊರಗಿನದೆಂದು ಗುರುತಿಸುವುದಿಲ್ಲ. ದಶಕಗಳ ಕಾಲ ಬಿ ಗುಂಪಿಗೆ ವ್ಯಾಪಕವಾಗಿ ಕೆಲಸ ಮಾಡುವ ಲಸಿಕೆ ಬರದಿದ್ದುದಕ್ಕೆ ಇದೇ ಕಾರಣ. 2000ದಲ್ಲಿ ಈ ಬ್ಯಾಕ್ಟೀರಿಯಾದ ಸಂಪೂರ್ಣ ಜೀನೋಮ್ ಪ್ರಕಟವಾದ ಮೇಲೆ ವಿಜ್ಞಾನಿಗಳು ಅದರ ಮೇಲ್ಮೈಯಲ್ಲಿ ಯಾವ ಪ್ರೋಟೀನುಗಳು ಇರಬಹುದೆಂದು ವಂಶವಾಹಿಗಳಿಂದಲೇ ಹುಡುಕಿ ತೆಗೆದರು. ಹಾಗೆ ದೊರೆತ ಮೂರು ಪ್ರೋಟೀನುಗಳ ಜೊತೆಗೆ ನ್ಯೂಜಿಲೆಂಡಿನಲ್ಲಿ ಹರಡಿದ್ದ ತಳಿಯೊಂದರ ಹೊರಪೊರೆಯ ಅಂಶವನ್ನು ಸೇರಿಸಿದ್ದೇ ಬೆಕ್ಸೆರೊ. ಯುರೋಪಿನಲ್ಲಿ ಇದಕ್ಕೆ 2013ರ ಜನವರಿಯಲ್ಲಿ ಅನುಮತಿ ದೊರೆಯಿತು. ಟ್ರುಮೆನ್ಬಾ ಎಂಬ ಇನ್ನೊಂದು ಬಿ ಲಸಿಕೆಯೂ ಇದೆ; ಅದರಲ್ಲಿರುವ ಪ್ರೋಟೀನುಗಳು ಬೇರೆ, ಡೋಸುಗಳ ಕ್ರಮವೂ ಬೇರೆ. ಮೊದಲ ಡೋಸ್ ಯಾವುದೋ ಎರಡನೆಯದೂ ಅದೇ ಆಗಿರಬೇಕು.

ಕಾಲೇಜುಗಳಲ್ಲಿ ಈ ಲಸಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಉದಾಹರಣೆಯಿದೆ. 2013ರಲ್ಲಿ ಅಲ್ಲಿ ಬಿ ಗುಂಪಿನ ಎಂಟು ಪ್ರಕರಣಗಳು ಕಂಡುಬಂದಾಗ ಆ ದೇಶದಲ್ಲಿ ಇನ್ನೂ ಅನುಮತಿ ಸಿಗದಿದ್ದ ಬೆಕ್ಸೆರೊವನ್ನು ವಿಶೇಷ ಒಪ್ಪಿಗೆಯ ಮೇಲೆ ತರಿಸಿ, ಡಿಸೆಂಬರ್‌ನಿಂದ 5,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಕೊಟ್ಟರು. ಲಸಿಕೆ ಪಡೆದ ಯಾರಿಗೂ ರೋಗ ಬರಲಿಲ್ಲ. ಆದರೆ 2014ರ ಮಾರ್ಚ್‌ನಲ್ಲಿ ಬೇರೊಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರು ಅದೇ ತಳಿಯಿಂದ ತೀರಿಕೊಂಡರು. ಅವರು ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಸಂಪರ್ಕಕ್ಕೆ ಬಂದಿದ್ದರು. ಈ ಸಾವಿನ ಹಿಂದೆ ಪ್ರತಿಯೊಬ್ಬ ಪೋಷಕರೂ ತಿಳಿದಿರಬೇಕಾದ ವಿಷಯವೊಂದಿದೆ. ಬಿ ಲಸಿಕೆ ಹಾಕಿಸಿಕೊಂಡವರನ್ನು ಅದು ರೋಗದಿಂದ ಕಾಪಾಡುತ್ತದೆಯೇ ಹೊರತು ಅವರ ಗಂಟಲಿನಿಂದ ಬ್ಯಾಕ್ಟೀರಿಯಾವನ್ನು ಓಡಿಸುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಮಾರು 35,000 ಹದಿಹರೆಯದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಎ ಗುಂಪಿನ ಲಸಿಕೆಯ ಕಥೆ ಹೀಗಲ್ಲ: 2010ರಲ್ಲಿ ಬುರ್ಕಿನಾ ಫಾಸೊದಿಂದ ಆರಂಭಿಸಿ ಆಫ್ರಿಕಾದ ದೇಶಗಳಲ್ಲಿ ಕೊಟ್ಟ ಮೆನ್‌ಆಫ್ರಿವ್ಯಾಕ್ ಗಂಟಲಿನಲ್ಲಿದ್ದ ಬ್ಯಾಕ್ಟೀರಿಯಾವನ್ನೂ ಇಳಿಸಿದ್ದರಿಂದ ಲಸಿಕೆ ಪಡೆಯದವರಿಗೂ ರಕ್ಷಣೆ ದೊರೆತು, ಆ ಪ್ರದೇಶದಿಂದ ಎ ಗುಂಪಿನ ರೋಗ ಮರೆಯಾಯಿತು. ಬಿ ವಿಚಾರದಲ್ಲಿ ಅಂಥ ಅನುಕೂಲವಿಲ್ಲ. ಪಕ್ಕದ ಹಾಸಿಗೆಯವಳು ಹಾಕಿಸಿಕೊಂಡಿದ್ದಾಳೆ, ನನಗೇಕೆ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಲಸಿಕೆಯ ಮಿತಿಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಎರಡೂ ಡೋಸ್ ಪಡೆದವರ ರಕ್ತವನ್ನು ಪರೀಕ್ಷಿಸಿದಾಗ ಅಲ್ಲಿ ಹರಡಿದ್ದ ತಳಿಯನ್ನು ಕೊಲ್ಲುವ ಪ್ರತಿಕಾಯಗಳು ಮೂರನೇ ಎರಡು ಭಾಗದಷ್ಟು ಜನರಲ್ಲಿ ಮಾತ್ರ ಕಂಡುಬಂದವು. ಚುಚ್ಚಿಸಿಕೊಂಡ ದಿನವೇ ರಕ್ಷಣೆ ಬರುವುದಿಲ್ಲ, ವಾರ ಎರಡು ವಾರ ಬೇಕು, ಎರಡನೇ ಡೋಸ್ ಕನಿಷ್ಠ ಒಂದು ತಿಂಗಳ ನಂತರವೇ ಬೀಳಬೇಕು. ಇಷ್ಟೆಲ್ಲ ತಿಳಿದೂ ನಾನು ಈ ಲಸಿಕೆಯನ್ನು ಗಟ್ಟಿಯಾಗಿ ಶಿಫಾರಸು ಮಾಡುವುದಕ್ಕೆ ಕಾರಣವಿದೆ. ಬ್ರಿಟನ್ 2015ರ ಸೆಪ್ಟೆಂಬರ್‌ನಿಂದ ಎಲ್ಲ ಶಿಶುಗಳಿಗೂ ಇದನ್ನು ಕೊಡಲು ಆರಂಭಿಸಿತು. ಮೊದಲ ಮೂರು ವರ್ಷಗಳಲ್ಲಿ ಲಸಿಕೆಗೆ ಅರ್ಹರಾಗಿದ್ದ ವಯಸ್ಸಿನ ಮಕ್ಕಳಲ್ಲಿ ಬಿ ಗುಂಪಿನ ರೋಗ ಶೇ 75ರಷ್ಟು ಇಳಿಯಿತು. ಹತ್ತರಲ್ಲಿ ಒಬ್ಬರನ್ನು ಕೊಲ್ಲುವ ರೋಗದ ಎದುರು ಇದು ಸಣ್ಣ ಮಾತಲ್ಲ.

ಲಸಿಕೆ ಹಾಕುವ ಕೋಣೆಯಲ್ಲಿ ನಾನು ಮಗಳ ಜೊತೆಗೇ ಇದ್ದೆ. ಹೊಸ್ತಿಲಲ್ಲಿಯೇ ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದರು: ಇವತ್ತು ಜ್ವರ ಇದೆಯೇ, ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿತ್ತೇ, ಗುಲ್ಮ (ಸ್ಪ್ಲೀನ್) ತೆಗೆದಿದ್ದಾರೆಯೇ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದೀರೇ. ಮೂರನೆಯ ಪ್ರಶ್ನೆ ಔಪಚಾರಿಕವಲ್ಲ. ಗುಲ್ಮ ಇಲ್ಲದವರು, ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಕೊರತೆಯಿರುವವರು, ಆ ಪ್ರೋಟೀನುಗಳ ಕೆಲಸವನ್ನು ತಡೆಯುವ ಎಕ್ಯುಲಿಜುಮಾಬ್‌ನಂಥ ಔಷಧಿ ಪಡೆಯುತ್ತಿರುವವರು ಈ ರೋಗಕ್ಕೆ ಉಳಿದವರಿಗಿಂತ ಬಹಳ ಸುಲಭವಾಗಿ ತುತ್ತಾಗುತ್ತಾರೆ. ಅವರನ್ನು ವೈದ್ಯರು ಪ್ರತ್ಯೇಕವಾಗಿ ನೋಡಬೇಕು. ನರ್ಸ್ ಶೀತಲ ಪೆಟ್ಟಿಗೆಯಿಂದ ಸಿರಿಂಜನ್ನು ತೆಗೆದು, ಬಿಳಿಯ ಗಸಿ ಪೂರ್ತಿ ಬೆರೆಯುವವರೆಗೆ ಅಲುಗಿಸಿ, ಬೆಳಕಿಗೆ ಹಿಡಿದು ನೋಡಿ ನಂತರವೇ ಸೂಜಿ ಜೋಡಿಸುತ್ತಿದ್ದರು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಪೆಟ್ಟಿಗೆಯೊಳಗಿನ ಉಷ್ಣಮಾಪಕವನ್ನು ಆಗಾಗ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಕಂಡು ನನಗೆ ನೆಮ್ಮದಿಯಾಯಿತು. ಅವಸರದಲ್ಲಿ ನಿಂತೇ ತೋಳು ಚಾಚಿದ ಹುಡುಗಿಗೆ ಆ ನರ್ಸ್, "ಕೂತ್ಕೊಮ್ಮ, ನಿಂತು ಹಾಕಿಸ್ಕೊಳ್ಳೋದು ಬೇಡ, ತಲೆ ಸುತ್ತುತ್ತೆ" ಎಂದು ಕುರ್ಚಿ ತೋರಿಸಿದರು. ಹದಿಹರೆಯದವರಲ್ಲಿ ಚುಚ್ಚುಮದ್ದಿನ ನಂತರ ಎಚ್ಚರ ತಪ್ಪಿ ಬೀಳುವುದು ಸಾಮಾನ್ಯ. ಬಿದ್ದು ತಲೆಗೆ ಪೆಟ್ಟಾಗುವುದು ಲಸಿಕೆಗಿಂತ ದೊಡ್ಡ ಅಪಾಯ. ಎಲ್ಲರನ್ನೂ ಕಾಲು ಗಂಟೆ ಪಕ್ಕದ ಕೋಣೆಯಲ್ಲಿ ಕೂರಿಸಿ, ಬ್ಯಾಚ್ ಸಂಖ್ಯೆ ಬರೆದ ಚೀಟಿಯನ್ನು ಕೈಗಿತ್ತ ಮೇಲಷ್ಟೇ ಕಳುಹಿಸಿದರು.

ಅಡ್ಡಪರಿಣಾಮಗಳನ್ನು ಮುಚ್ಚಿಡದೆ ಹೇಳಿದ್ದು ಇನ್ನೊಂದು ಒಳ್ಳೆಯ ಕೆಲಸ. ಬಿ ಲಸಿಕೆಯ ನೋವು ಬೇರೆ ಹಲವು ಲಸಿಕೆಗಳಿಗಿಂತ ಜಾಸ್ತಿ. ಮಗಳಿಗೆ ಮರುದಿನ ತೋಳು ಎತ್ತಿ ತಲೆ ಬಾಚಿಕೊಳ್ಳಲು ಆಗಲಿಲ್ಲ, ಮೈಕೈ ನೋವು ಮತ್ತು ಸುಸ್ತು ಇತ್ತು, ಬೇಗನೆ ಕಡಿಮೆಯಾಯಿತು. ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ, ಅದನ್ನು ಕೋಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೇ ವಿನಾ ಪತ್ರದಲ್ಲಿ ಬರೆದಿರಲಿಲ್ಲ. ಸೋಂಕು ಹರಡುತ್ತಿರುವಾಗ ಲಸಿಕೆ ಹಾಕಿಸಿಕೊಂಡವರಿಗೆ ಜ್ವರ ಬಂದರೆ ಅದು ಲಸಿಕೆಯದೋ ರೋಗದ್ದೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ಲಸಿಕೆಯ ಜ್ವರದಲ್ಲಿ ಮಗು ಮಾತಾಡುತ್ತದೆ, ನೀರು ಕುಡಿಯುತ್ತದೆ, ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಜ್ವರದ ಜೊತೆಗೆ ವಾಂತಿ, ತಡೆಯಲಾರದ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಅಸಂಬದ್ಧ ಮಾತು ಕಂಡರೆ ನಿನ್ನೆ ಲಸಿಕೆ ಹಾಕಿಸಿದ್ದೇವಲ್ಲ ಎಂಬ ಧೈರ್ಯದಲ್ಲಿ ಕಾಯಬಾರದು.

ಈಗ ಆ ಸೂಚನಾ ಪತ್ರ. ಯಾವ ಕಚೇರಿಯಿಂದ ಬಂತು ಎಂದು ಹೆಸರಿಸುವುದು ಇಲ್ಲಿ ಮುಖ್ಯವಲ್ಲ. ಇಂಥ ಪತ್ರಗಳು ಬಹುತೇಕ ಇದೇ ಅಚ್ಚಿನಲ್ಲಿ ಬರುತ್ತವೆ. ಅದರ ತಿರುಳು ಒಂದೇ ವಾಕ್ಯದಲ್ಲಿತ್ತು: ಜ್ವರ, ತಲೆನೋವು, ಕುತ್ತಿಗೆ ಸೆಟೆತ ಹಾಗೂ ಮೈಮೇಲೆ ಕೆಂಪು ಗುಳ್ಳೆಗಳು ಕಂಡುಬಂದಲ್ಲಿ ಹತ್ತಿರದ ವೈದ್ಯರನ್ನು ಸಂಪರ್ಕಿಸತಕ್ಕದ್ದು. ಈ ವಾಕ್ಯವನ್ನು ಓದಿದವರು ನಾಲ್ಕೂ ಲಕ್ಷಣಗಳು ಒಟ್ಟಿಗೆ ಕಾಣಿಸಲಿ ಎಂದು ಕಾಯುತ್ತಾರೆ. ಈ ರೋಗ ಅಷ್ಟು ಹೊತ್ತು ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಲುನೋವು, ತಣ್ಣಗಾದ ಕೈಕಾಲು, ಬಿಳಿಚಿದ ಅಥವಾ ಮಚ್ಚೆಮಚ್ಚೆಯಾದ ಚರ್ಮ ಮೊದಲು, ಸರಾಸರಿ ಎಂಟು ಗಂಟೆಗಳ ಹೊತ್ತಿಗೇ ಕಾಣಿಸಿಕೊಂಡಿದ್ದವು. ಕುತ್ತಿಗೆ ಸೆಟೆತ, ಬೆಳಕು ಸಹಿಸಲಾಗದಿರುವುದು, ಗುಳ್ಳೆ, ಪ್ರಜ್ಞೆ ತಪ್ಪುವಂಥ ಹೆಸರಾದ ಲಕ್ಷಣಗಳು ಬರುವ ಹೊತ್ತಿಗೆ 13ರಿಂದ 22 ಗಂಟೆಗಳು ಕಳೆದಿದ್ದವು. ಪತ್ರದಲ್ಲಿ ತಡವಾಗಿ ಬರುವ ಲಕ್ಷಣಗಳಿದ್ದವು, ಮೊದಲು ಬರುವವುಗಳ ಪ್ರಸ್ತಾಪವೇ ಇರಲಿಲ್ಲ. ಜ್ವರ ಬಂದ ಹುಡುಗಿ ಕಾಲು ಸಿಡಿಯುತ್ತಿದೆ, ಅಂಗೈ ಅಂಗಾಲು ತಣ್ಣಗಿದೆ ಎಂದರೆ ರೂಮಿನವರು ಆಟವಾಡಿದ ಸುಸ್ತಿರಬೇಕು, ಮಲಗಲಿ ಎನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಕೆಂಪು ಗುಳ್ಳೆ ಎಂಬ ಮಾತೂ ಸಾಲದು. ಮೆನಿಂಗೊಕಾಕಸ್ ರಕ್ತಕ್ಕೆ ಸೇರಿದಾಗ ಚರ್ಮದಡಿಯಲ್ಲಿ ಸಣ್ಣ ಸಣ್ಣ ರಕ್ತಸ್ರಾವಗಳಾಗಿ ಸೂಜಿಮೊನೆಯಂಥ ಚುಕ್ಕೆಗಳು ಏಳುತ್ತವೆ, ಅವು ಹರಡಿ ನೇರಳೆ ಬಣ್ಣದ ಕಲೆಗಳಾಗುತ್ತವೆ. ಸ್ವಚ್ಛವಾದ ಗಾಜಿನ ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಗಟ್ಟಿಯಾಗಿ ಒತ್ತಿ ಲೋಟದ ಮೂಲಕ ನೋಡಬೇಕು. ಸಾಮಾನ್ಯ ಗುಳ್ಳೆಯ ಕೆಂಪು ಒತ್ತಿದಾಗ ಮಾಸುತ್ತದೆ, ಇದು ಮಾಸುವುದಿಲ್ಲ. ಕಪ್ಪು ಅಥವಾ ಎಣ್ಣೆಗಪ್ಪು ಮೈಬಣ್ಣದವರಲ್ಲಿ ಚುಕ್ಕೆಗಳು ಸುಲಭವಾಗಿ ಕಾಣುವುದಿಲ್ಲ, ಆದ್ದರಿಂದ ಅಂಗೈ, ಅಂಗಾಲು, ಹೊಟ್ಟೆ, ಕಣ್ಣರೆಪ್ಪೆಯ ಒಳಭಾಗ ಮತ್ತು ಬಾಯಿಯ ಅಂಗುಳನ್ನು ನೋಡಬೇಕು. ಚುಕ್ಕೆಗಳೇ ಏಳದ ರೋಗಿಗಳೂ ಇದ್ದಾರೆ. ಹಾಗಾಗಿ ಲೋಟದ ಪರೀಕ್ಷೆಯಲ್ಲಿ ಮಾಸದಿದ್ದರೆ ಆ ಕ್ಷಣವೇ ಹೊರಡಬೇಕು, ಚುಕ್ಕೆ ಇಲ್ಲವೆಂದು ನಿಶ್ಚಿಂತರಾಗಬಾರದು. ಹತ್ತಿರದ ವೈದ್ಯರು ಎಂಬ ಪದದ ಬದಲು ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಎಂದು ಬರೆದು, ಅಲ್ಲಿ ಕಾಲಿಟ್ಟ ಕೂಡಲೇ ನಮ್ಮ ಕಾಲೇಜಿನಲ್ಲಿ ಮೆನಿಂಜೈಟಿಸ್ ಪ್ರಕರಣಗಳಿವೆ ಎಂದು ಹೇಳುವಂತೆ ಸೂಚಿಸಬೇಕಿತ್ತು. ಆ ಒಂದು ಮಾತಿನಿಂದ ಮೊದಲ ಆಂಟಿಬಯಾಟಿಕ್ ಚುಚ್ಚುಮದ್ದು ಬೇಗ ಬೀಳುತ್ತದೆ.

ಪತ್ರದ ಇನ್ನೊಂದು ಲೋಪ, ಯಾವ ಲಸಿಕೆ ಎಂದು ಹೇಳದೆ ಬರೀ ಮೆನಿಂಜೈಟಿಸ್ ಲಸಿಕೆ ಎಂದು ಬರೆದದ್ದು. ಪ್ರವಾಸಕ್ಕಾಗಿಯೋ ಪ್ರವೇಶಾತಿಗಾಗಿಯೋ ಮೊದಲೇ ನಾಲ್ಕು ಗುಂಪಿನ ಲಸಿಕೆ ಹಾಕಿಸಿದ್ದ ಹಲವು ಕುಟುಂಬಗಳು ನಮ್ಮ ಮಗುವಿಗೆ ಆಗಿದೆ ಎಂದು ಸುಮ್ಮನಾದವು. ಆ ಲಸಿಕೆ ಬಿ ಗುಂಪಿನಿಂದ ರಕ್ಷಿಸುವುದಿಲ್ಲ. ಶಿಶುವಾಗಿದ್ದಾಗ ಹಾಕಿಸಿದ ಹಿಬ್ ಮತ್ತು ನ್ಯುಮೊಕಾಕಲ್ ಲಸಿಕೆಗಳು ತಡೆಯುವುದು ಬೇರೆ ಬ್ಯಾಕ್ಟೀರಿಯಾಗಳಿಂದ ಬರುವ ಮೆನಿಂಜೈಟಿಸನ್ನು. ಗುಂಪಿನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿದ್ದರೆ ಈ ಗೊಂದಲಕ್ಕೆ ಎಡೆಯಿರುತ್ತಿರಲಿಲ್ಲ.

ಕಾಲೇಜಿನ ಆಡಳಿತ ಮಂಡಳಿ ತನ್ನ ಪಾಲಿನದೆಂದು ಬೆಂಚುಗಳಿಗೆ ಕ್ರಿಮಿನಾಶಕ ಸಿಂಪಡಿಸಿತು. ಈ ಬ್ಯಾಕ್ಟೀರಿಯಾ ದೇಹದಿಂದ ಹೊರಗೆ ಹೆಚ್ಚು ಹೊತ್ತು ಬದುಕುವುದಿಲ್ಲ, ಆದ್ದರಿಂದ ಅದರಿಂದ ಲಾಭವಿಲ್ಲ. ಅದು ಹರಡುವುದು ಕೆಮ್ಮು, ಚುಂಬನ, ಒಂದೇ ಕೋಣೆಯಲ್ಲಿ ದೀರ್ಘಕಾಲದ ಒಡನಾಟ ಇವುಗಳಿಂದ. ನೀರಿನ ಬಾಟಲಿ, ಸಿಗರೇಟು, ವೇಪ್ ಹಂಚಿಕೊಳ್ಳಬೇಡಿ ಎಂಬ ಸಲಹೆ ಸರಿಯಾಗಿಯೇ ಇತ್ತು. ಕಾಲೇಜಿಗೆ ರಜೆ ಕೊಡದಿರುವ ತೀರ್ಮಾನವನ್ನು ಕೆಲವರು ಟೀಕಿಸಿದರು. ನನಗೆ ಅದು ಸರಿಯೆನಿಸಿತು. ಸೋಂಕು ತಗುಲಿ ಲಕ್ಷಣ ಕಾಣಿಸಲು ಎರಡರಿಂದ ಹತ್ತು ದಿನ ಬೇಕು. ಆ ಅವಧಿಯಲ್ಲಿ ಮಕ್ಕಳನ್ನು ಊರೂರಿಗೆ ಕಳುಹಿಸಿದರೆ ಯಾರಿಗೆ ಜ್ವರ ಬಂತೆಂದು ಗಮನಿಸುವವರು ಇರುವುದಿಲ್ಲ, ಲಸಿಕೆಯೂ ತಪ್ಪಿಹೋಗುತ್ತದೆ.

ಎರಡನೇ ಡೋಸಿನ ವ್ಯವಸ್ಥೆಯಲ್ಲಿ ಸುಧಾರಣೆ ಬೇಕು. ಅದರ ದಿನಾಂಕ ಪರೀಕ್ಷೆಗಳ ನಡುವೆ ಬಿದ್ದಿದ್ದರಿಂದ ಮೊದಲ ದಿನ ಇದ್ದಷ್ಟು ಜನ ಅಂದು ಬರಲಿಲ್ಲ, ಬಾರದವರಿಗಾಗಿ ಇನ್ನೊಂದು ದಿನ ಗೊತ್ತು ಮಾಡಿರಲಿಲ್ಲ. ಮೊದಲ ಡೋಸಿನ ದಿನವೇ ಎರಡು ಪರ್ಯಾಯ ದಿನಾಂಕಗಳನ್ನು ಚೀಟಿಯಲ್ಲಿ ಬರೆದುಕೊಡುವುದು ಕಷ್ಟದ ಕೆಲಸವಲ್ಲ. ತಡವಾಯಿತೆಂದು ಮೊದಲ ಡೋಸ್ ವ್ಯರ್ಥವಾಗುವುದಿಲ್ಲ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ. ಬಿಟ್ಟಿರುವವರು ಆರೋಗ್ಯ ಇಲಾಖೆಯನ್ನು ಕೇಳಿ, ಚೀಟಿಯಲ್ಲಿರುವ ಲಸಿಕೆಯ ಹೆಸರು ತೋರಿಸಿ, ಅದೇ ಲಸಿಕೆಯ ಎರಡನೇ ಡೋಸ್ ಹಾಕಿಸಿಕೊಳ್ಳಿ.

ಅಂಕ ಕೊಡುವುದಾದರೆ ಲಸಿಕಾ ಕೋಣೆಗೂ ಮಾತ್ರೆ ಕೊಟ್ಟ ತಂಡಕ್ಕೂ ಐದಕ್ಕೆ ಐದು, ಸೂಚನಾ ಪತ್ರಕ್ಕೆ ಎರಡು. ಪತ್ರದ ಲೋಪಗಳನ್ನು ಬರೆದು ಇಲಾಖೆಗೆ ಕೊಟ್ಟಿದ್ದೇನೆ. ಹೊಸ ಪತ್ರ ಬರುವವರೆಗೆ, ಮಕ್ಕಳು ವಸತಿನಿಲಯಗಳಲ್ಲಿರುವ ಪೋಷಕರು ಕಾಲುನೋವು, ತಣ್ಣನೆಯ ಕೈಕಾಲು, ಮಂಪರು, ಲೋಟದ ಪರೀಕ್ಷೆ ಈ ನಾಲ್ಕನ್ನು ಮಕ್ಕಳಿಗಷ್ಟೇ ಅಲ್ಲ, ಅವರ ರೂಮಿನಲ್ಲಿರುವ ಗೆಳೆಯರಿಗೂ ಫೋನಿನಲ್ಲಿ ತಿಳಿಸಿ. ಏಕೆಂದರೆ ಕಾಯಿಲೆ ಬಿದ್ದ ಹುಡುಗನಿಗೆ ತನ್ನ ಸ್ಥಿತಿ ಕೆಡುತ್ತಿರುವುದು ತಿಳಿಯದಿರಬಹುದು. ಅವನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ಯಬೇಕಾದವರು ಪಕ್ಕದಲ್ಲಿ ಮಲಗಿರುವವರು.